ಮೂಸಿದ ಸಂಪಿಗೆ

ಅಕ್ಕಲಕೋಟ ರೋಡ್ ಸ್ಟೇಷನ್ನಿನಲ್ಲಿ ಇಳಿಯುವಷ್ಟರಲ್ಲೇ ಫೋಟೊದ ಅಮೃತಪ್ಪನಿಗೆ ಸಾಕುಸಾಕಾಗಿತ್ತು. ಸೊಲ್ಲಾಪುರದಿಂದ ಇಲ್ಲಿಯತನಕ ಗಾಜಿನ ಪ್ಲೇಟುಗಳ ಪೆಟ್ಟಿಗೆಯನ್ನು ತೊಡೆಯ ಮೇಲೆ ಕೂಸಿನಂತೆ ಹಿಡಿದುಕೊಂಡು ಬಂದಿದ್ದ. ಕೆಳಗಿಟ್ಟರೆ ಯಾರಾದರೂ ಒದ್ದಾರು ಎಂಬ ಭಯ. ಇನ್ನು ಮುಂದೆ ಏಳು ಮೈಲು ಎತ್ತಿನ ಗಾಡಿ. ವಯಸ್ಸು ಐವತ್ತಾರು, ಮೊಣಕಾಲಿನಲ್ಲಿ ವಾಯು, ಗಾಡಿಯ ಒಂದೊಂದು ಕುಲುಕಿಗೂ ಸೊಂಟದಲ್ಲಿ ಒಂದೊಂದು ಚಳಕು. ಇಷ್ಟೆಲ್ಲ ಯಾತಕ್ಕೆ ಅಂದರೆ ಹೂವಿನ ಫೋಟೊ ತೆಗೆಯಲಿಕ್ಕೆ. ತೋಟದ್ದಲ್ಲ, ಮಾಲೆಯದ್ದಲ್ಲ, ಒಂದೇ ಒಂದು ಹೂವಿನದು.

ತಪ್ಪು ಅವನದೇ. ಹನ್ನೆರಡು ವರ್ಷದ ಹಿಂದೆ ಮೈಯಲ್ಲಿ ಇನ್ನೂ ಹುರುಪಿತ್ತು. ಗಿರಣಿಯಲ್ಲಿ ಲೇಥ್ ಓಡಿಸುವ ತುಕಾರಾಮನನ್ನು ಕಾಡಿ ಬೇಡಿ ಹಿತ್ತಾಳೆಯ ಮೂರು ನಳಿಗೆ ಮಾಡಿಸಿದ್ದ. ಒಳಗೆಲ್ಲ ಕಾಡಿಗೆ ಬಳಿದು, ಒಂದಕ್ಕೊಂದು ತಿರುಪಿ ಕೂಡಿಸಿ, ಕ್ಯಾಮೆರಾಕ್ಕೂ ಅದರ ಮುಂದಿನ ಲೆನ್ಸಿಗೂ ನಡುವೆ ಇಟ್ಟರೆ ಡಬ್ಬಿಗೆ ಉದ್ದ ಮೂಗು ಬಂದಂತಾಗುತ್ತಿತ್ತು. ಆ ಮೂಗನ್ನು ಹೂವಿನ ಹತ್ತಿರ ಒಯ್ದರೆ ಉಗುರಿನಷ್ಟಿದ್ದದ್ದು ಅಂಗೈಯಷ್ಟಾಗಿ ಕಾಣುತ್ತಿತ್ತು. ಆಗ ತಂಗಡಿ ಹೂವಿನದೊಂದು ಫೋಟೊ ತೆಗೆದು ನವಿ ಪೇಟೆಯ ತನ್ನ ಅಂಗಡಿಯ ಗಾಜಿನ ಕಪಾಟಿನಲ್ಲಿ ಇಟ್ಟ. ಜನ ನಿಂತು ನೋಡಿದರು, ಹೌದಲ್ಲ ಅಂದರು, ಹೋದರು. ಹೂವಿಗೆ ಮದುವೆಯಿಲ್ಲ, ಮುಂಜಿಯಿಲ್ಲ, ಸತ್ತರೆ ಗೋಡೆಗೆ ತೂಗುಹಾಕಿ ಅಳುವವರಿಲ್ಲ. ಅದರ ಫೋಟೊ ಯಾರಿಗೆ ಬೇಕು? ನಳಿಗೆಗಳು ಹಳೆಯ ಪಂಚೆಯಲ್ಲಿ ಸುತ್ತಿಸಿಕೊಂಡು ಮೂಲೆ ಸೇರಿದವು. ಅಮೃತಪ್ಪ ಮತ್ತೆ ಹೊಸ ಮದುಮಕ್ಕಳನ್ನೂ, ಪಗಾರದ ದಿನ ಟೋಪಿ ತೊಟ್ಟು ಬರುವ ಗಿರಣಿಯವರನ್ನೂ, ಕುರ್ಚಿಯಲ್ಲಿ ಕೂಡಿಸಿ ಕಟ್ಟಿದ ಹೆಣಗಳನ್ನೂ ತೆಗೆಯುತ್ತ ಮುದುಕನಾದ.

ಹೋದ ತಿಂಗಳು ಅಕ್ಕಲಕೋಟದ ಸಾತಲಿಂಗಪ್ಪಗೌಡ ಪಟಕಾ ಸುತ್ತಿಕೊಂಡು ತನ್ನ ಫೋಟೊ ತೆಗೆಸಲು ಬಂದವನು ಆ ತಂಗಡಿ ಹೂವನ್ನು ಕಂಡ. ಗೌಡನ ಹಿತ್ತಲಲ್ಲಿ ಒಂದು ಸಂಪಿಗೆ ಗಿಡ ಇತ್ತು. ಎರೆಮಣ್ಣಿನ ಸೀಮೆಯಲ್ಲಿ ಸಂಪಿಗೆ ಬಾಳುವುದಿಲ್ಲ ಎಂದು ಊರೆಲ್ಲ ನಕ್ಕಿತ್ತಂತೆ. ಕೊಲ್ಲಾಪುರದಿಂದ ಸಸಿ ತರಿಸಿ, ಕೆಂಪು ಮಣ್ಣು ಗಾಡಿಯಲ್ಲಿ ಹೇರಿಸಿ, ಹನ್ನೊಂದು ವರ್ಷ ಸಾಕಿದ ಮೇಲೆ ಈಗ ಅದು ಮೊಗ್ಗು ಹಿಡಿದಿತ್ತು. ಮೊದಲ ಹೂವು ಮನೆದೇವರಿಗೆ. ಆದರೆ ದೇವರ ತಲೆಯ ಮೇಲಿನ ಹೂ ಸಂಜೆಗೆ ಬಾಡುತ್ತದೆ, ನಕ್ಕವರಿಗೆ ಆಮೇಲೆ ತೋರಿಸುವುದೇನು? ಹಾಗಾಗಿ ದೇವರ ಜಗಲಿಯ ಮೇಲೆ ತೂಗುಹಾಕುವಂಥ ದೊಡ್ಡ ಫೋಟೊ ಬೇಕು ಅಂದ. ಶ್ರಾವಣದ ಎರಡನೇ ಸೋಮವಾರಕ್ಕೆ ಹೂವು ಅರಳುತ್ತದೆ ಎಂದು ಮೊನ್ನೆ ಆಳು ಕಳಿಸಿದ್ದ. ಒಲ್ಲೆ ಅನ್ನಲು ಅಮೃತಪ್ಪನಿಗೆ ಬಾಯಿ ಬರಲಿಲ್ಲ. ಗಿರಾಕಿಗೆ ಒಲ್ಲೆ ಅಂದು ಅವನಿಗೆ ರೂಢಿಯೇ ಇರಲಿಲ್ಲ.

ಸೋಮವಾರ ಹೊತ್ತು ಮೂಡಿದ ಮೇಲೆ ಹಿತ್ತಲಿಗೆ ಹೋದರೆ ಹೂವು ಅರಳಿತ್ತು. ಪುಣ್ಯಕ್ಕೆ ಎದೆಯ ಎತ್ತರದ ರೆಂಬೆಯಲ್ಲೇ ಇತ್ತು, ಏರುವ ಕೆಲಸವಿರಲಿಲ್ಲ. ಕಟ್ಟೆಯ ಮೇಲೆ ಸಾತಲಿಂಗಪ್ಪ ಕೂತಿದ್ದ. ಅವನ ಹೆಂಡತಿ ಲಕ್ಷ್ಮೀಬಾಯಿ ಇಳಕಲ್ಲ ಸೀರೆ ಉಟ್ಟು ಬೆಳ್ಳಿ ತಟ್ಟೆ ಹಿಡಿದು ಸಿದ್ಧವಾಗಿ ನಿಂತಿದ್ದಳು. ಫೋಟೊ ಮುಗಿದ ಕೂಡಲೇ ಆಕೆ ಹೂ ಹರಿದು ಜಗಲಿಗೆ ಒಯ್ಯಬೇಕು, ಒಳಗೆ ಗೌಡನ ತಾಯಿ ಅಕ್ಕನಾಗಮ್ಮ ಪೂಜೆ ಹಿಡಿದು ಕಾಯುತ್ತಿದ್ದಾಳೆ, ಬೇಗ ಆಗಲಿ ಎಂದು ಗೌಡ ಹೇಳಿದ.

ಬಾವಿಯ ಕಡೆಯಿಂದ ಇನ್ನೊಬ್ಬ ಹೆಂಗಸು ಕೊಡ ಹೊತ್ತು ಬಂದಳು. ನಲವತ್ತರ ಆಸುಪಾಸು, ಬಳೆಯಿಲ್ಲದ ಕೈ, ಬರಿ ಹಣೆ. ಸೆರಗನ್ನು ಮೂಗು ಬಾಯಿ ಮುಚ್ಚುವಂತೆ ಬಿಗಿದು ಕಟ್ಟಿದ್ದಳು. ಆಕೆ ಗೌಡನ ಸತ್ತ ತಮ್ಮನ ಹೆಂಡತಿ ಗಿರಿಜಾಬಾಯಿ. ಹದಿನಾಲ್ಕಕ್ಕೇ ಗಂಡ ಹೋದ. ತವರಿನವರು ಉಡಿಕಿ ಮಾಡಿ ಇನ್ನೊಂದು ಮನೆ ಸೇರಿಸುತ್ತೇವೆಂದು ಬಂದಾಗ, ನಮ್ಮದು ಅಂಥ ಮನೆತನವಲ್ಲ ಎಂದು ಅಕ್ಕನಾಗಮ್ಮ ಬಾಗಿಲಲ್ಲೇ ತಿರುಗಿಸಿ ಕಳಿಸಿದ್ದಳಂತೆ. ಇದೆಲ್ಲ ಗಾಡಿ ಹೊಡೆಯುವವನು ದಾರಿಯಲ್ಲಿ ಕೇಳದೆಯೇ ಹೇಳಿದ ಸುದ್ದಿ. ಮುಖ ಕಟ್ಟಿದ್ದು ಯಾಕೆಂದು ಕಟ್ಟೆಯ ಮೇಲಿನ ಗೌಡನೇ ಅಭಿಮಾನದಿಂದ ವಿವರಿಸಿದ. ದೇವರ ಹೂವು ಬಿಡಿಸುವಾಗ ಈ ಮನೆಯಲ್ಲಿ ಉಸಿರು ಸಹ ತಾಗಬಾರದು. ಗಾಳಿ ತಂದ ವಾಸನೆಗೆ ದೋಷವಿಲ್ಲ, ಮೂಗು ಹತ್ತಿರ ಒಯ್ದು ಎಳೆದುಕೊಂಡರೆ ಅದು ಎಂಜಲು. ಮೂಸಿದ ಹೂ ದೇವರಿಗೆ ನಡೆಯುವುದಿಲ್ಲ. ಗಿರಿಜಾ ಇಪ್ಪತ್ತೇಳು ವರ್ಷದಿಂದ ಹೂ ಬಿಡಿಸುತ್ತಾಳೆ, ಒಂದು ದಿನ ತಪ್ಪಿಲ್ಲ ಅಂದ.

ಹಾಗಾದರೆ ಈ ಹೂವನ್ನೂ ಆಕೆಯೇ ಬಿಡಿಸಬಾರದೇನು ಎಂದು ಅಮೃತಪ್ಪನ ಬಾಯಿಗೆ ಬಂದಿತ್ತು, ನುಂಗಿಕೊಂಡ. ಮೊದಲ ಹೂವಿಗೆ ಮುತ್ತೈದೆಯ ಕೈ ಬೇಕು. ಅಷ್ಟು ತಿಳಿಯದವನಲ್ಲ.

ಅವನು ಮೂರು ಕಾಲಿನ ಸ್ಟ್ಯಾಂಡು ಊರಿ, ಕ್ಯಾಮೆರಾ ಏರಿಸಿ, ನಳಿಗೆಗಳನ್ನು ಒಂದೊಂದಾಗಿ ತಿರುಪಿದ. ಈ ಕೆಲಸದಲ್ಲಿ ಒಂದು ತಕರಾರು ಉಂಟು. ನಳಿಗೆ ಉದ್ದವಾದಷ್ಟೂ ಒಳಗೆ ಬೀಳುವ ಬೆಳಕು ಬಡವಾಗುತ್ತದೆ. ಮನುಷ್ಯರಿಗೆ ಒಂದು ಎಣಿಕೆ ಸಾಕಾದರೆ ಇದಕ್ಕೆ ಆರೇಳು ಬೇಕು. ಅದರ ಮೇಲೆ ಸಂಪಿಗೆಯ ಹಳದಿ ಬಣ್ಣ ಪ್ಲೇಟಿಗೆ ಆಗಿಬರುವುದಿಲ್ಲ, ಕರ್ರಗೆ ಬಂದುಬಿಡುತ್ತದೆ. ಅದಕ್ಕೆ ಮುಂದೆ ಹಳದಿ ಗಾಜು ಹಿಡಿಯಬೇಕು, ಆಗ ಬೆಳಕು ಇನ್ನೂ ಬಡವ. ಎಲ್ಲ ಕೂಡಿ ನಲವತ್ತು ಎಣಿಸುವತನಕ ಹೂವು ಮಿಸುಕಬಾರದು. ಶ್ರಾವಣದ ಗಾಳಿಗೆ ಇದನ್ನು ಹೇಳುವವರು ಯಾರು?

ಮೊದಲನೇ ಪ್ಲೇಟು ಹನ್ನೆರಡಕ್ಕೇ ಹಾಳಾಯಿತು. ಎರಡನೆಯದು ಮೂವತ್ತರತನಕ ಬಂದು, ಇನ್ನೇನು ಆಯಿತು ಅನ್ನುವಾಗ ರೆಂಬೆ ತಲೆ ಕೊಡವಿತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ, ಗಾಳಿ ನಿಂತಾಗ ಬಿಸಿಲು ಮರೆಯಾಗುತ್ತಿತ್ತು, ಬಿಸಿಲು ಬಂದಾಗ ಗಾಳಿ ಏಳುತ್ತಿತ್ತು. ತಂದದ್ದು ಮೂರೇ ಪ್ಲೇಟು. ಅಮೃತಪ್ಪ ಹಣೆಯ ಬೆವರು ಒರೆಸಿಕೊಂಡು, ಯಾರಾದರೂ ರೆಂಬೆ ಹಿಡಿಯಬೇಕು, ಕೈ ನಡುಗಬಾರದು ಅಂದ. ಲಕ್ಷ್ಮೀಬಾಯಿ ಬಂದಳು. ಕೈತುಂಬ ಹಸಿರು ಬಳೆ, ಹಿಡಿದರೆ ರೆಂಬೆಯೂ ಗಲ್ ಅನ್ನುತ್ತಿತ್ತು. ಪಾಪ, ಆಕೆಯದೇನು ತಪ್ಪು. ಕಡೆಗೆ ಗೌಡನೇ, ರೆಂಬೆ ಮುಟ್ಟಿದರೆ ಹೂ ಮುಟ್ಟಿದಂತಲ್ಲ ಎಂದು ತೀರ್ಮಾನ ಕೊಟ್ಟು ಗಿರಿಜಾಬಾಯಿಯನ್ನು ಕರೆದ. ತಾನು ಹೆಂಡತಿಯನ್ನು ಕರೆದುಕೊಂಡು, ಬಂದ ಬೀಗರನ್ನು ಮಾತಾಡಿಸಲು ಪಡಸಾಲೆಗೆ ಹೋದ.

ಗಿರಿಜಾಬಾಯಿ ಕೊಡ ಇಳಿಸಿ ಬಂದು ರೆಂಬೆಯ ಮೇಲೆ ಕೈಯಿಟ್ಟಳು. ರೆಂಬೆ ನಿಂತಿತು. ಹನ್ನೊಂದು ವರ್ಷ ದಿನಕ್ಕೆ ಎರಡು ಕೊಡ ನೀರು ಹೊತ್ತ ಕೈ, ಗಿಡಕ್ಕೆ ಗುರುತಿರಬೇಕು.

ಅಮೃತಪ್ಪ ಕರಿ ಬಟ್ಟೆಯೊಳಗೆ ತಲೆ ತೂರಿಸಿದ. ಹಿಂದಿನ ಮಸುಕು ಗಾಜಿನ ಮೇಲೆ ಹೂವು ತಲೆಕೆಳಗಾಗಿ ತುಂಬಿಕೊಂಡಿತ್ತು. ಇಂಥ ಕಡೆ ಲೆನ್ಸು ತಿರುಗಿಸಿ ಉಪಯೋಗವಿಲ್ಲ, ಇಡೀ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಮುಂದೆ, ಕೂದಲೆಳೆಯಷ್ಟು ಹಿಂದೆ ಸರಿಸಬೇಕು. ಸರಿಸುತ್ತ ಸರಿಸುತ್ತ ಒಮ್ಮೆ ಎಸಳಿನ ಅಂಚು ಸ್ಪಷ್ಟವಾಯಿತು, ಆಮೇಲೆ ನಡುವಿನ ಹಸಿರು ಕಡ್ಡಿ, ಅದರ ಸುತ್ತ ಒತ್ತಾಗಿ ನಿಂತ ಕೇಸರದ ಎಳೆಗಳು. ಎಸಳಿನ ಬುಡದಲ್ಲಿ ಒಂದು ಇರುವೆ. ಎಷ್ಟೋ ವರ್ಷದಿಂದ ಅವನು ಏನನ್ನೂ ಹೀಗೆ ನೋಡಿರಲಿಲ್ಲ. ದಣಿವು ಹೋಯಿತೆಂದಲ್ಲ, ಅದು ಅಲ್ಲೇ ಇತ್ತು, ಆದರೆ ಒಂದು ಗಳಿಗೆ ಅದರ ನೆನಪಾಗಲಿಲ್ಲ.

“ಬಾಯಾರ, ನೋಡ್ತೀರೇನು?” ಅಂದ.

ಆಕೆ ರೆಂಬೆ ಹಿಡಿದ ಕೈ ಬಿಡದೆಯೇ ಬಾಗಿ ಬಟ್ಟೆಯೊಳಗೆ ಇಣುಕಿದಳು. ಹೊರಗೆ ಬಂದಾಗ ಕಣ್ಣು ಒದ್ದೆಯಾಗಿದ್ದವು.

“ಕಾಕಾ, ಇಷ್ಟು ಹತ್ರ ಹೋಗ್ಯದ ನಿಮ್ಮ ಡಬ್ಬಿ. ವಾಸನಿ ಹೆಂಗದರಿ?”

ಅಮೃತಪ್ಪ ನಕ್ಕುಬಿಟ್ಟ. ನಲವತ್ತು ವರ್ಷದ ನಶ್ಯ, ಮೂವತ್ತು ವರ್ಷದ ಪ್ಲೇಟು ತೊಳೆಯುವ ನೀರು, ಎರಡೂ ಕೂಡಿ ತನ್ನ ಮೂಗನ್ನು ಯಾವತ್ತೋ ಕೊಂದು ಹಾಕಿವೆ, ಮನೆಯಲ್ಲಿ ಸಾರು ಸೀದರೂ ಹೆಂಡತಿ ಗುರಮ್ಮ ಕೂಗಿ ಹೇಳಬೇಕು ಎಂದು ತಿಳಿಸಿದ. ನಿಮಗೆ ಗೊತ್ತಿರಬೇಕಲ್ಲ ಎಂದು ತಾನೇ ಕೇಳಿದ.

“ಗಾಳ್ಯಾಗ ಬಂದದ್ದು ಗೊತ್ತರಿ,” ಅಂದಳು. “ಮೂಗಿಗಿ ಹಿಡದು ಎಳಕೊಂಡಿಲ್ಲ. ಮಲ್ಲಿಗಿ ಇಲ್ಲ, ಸ್ಯಾವಂತಿಗಿ ಇಲ್ಲ, ಯಾವುದೂ ಇಲ್ಲ. ಮುಡಿಯೂದಂತೂ ಹೋತು, ಅದರ ಆಸಿ ಎಂದೋ ಬಿಟ್ಟೀನಿ. ಇದನ್ನ ಸಣ್ಣದಿದ್ದಾಗಿಂದ ಜ್ವಾಕಿ ಮಾಡೀನ್ರಿ. ಒಂದ ಸಲ ಮೂಗಿಗಿ ಹಿಡದು ನೋಡಬೇಕನಸ್ತದ. ಮತ್ತೇನಿಲ್ಲ.”

ಹೇಳಿದ್ದೇ ತಡ, ಹೇಳಬಾರದ್ದು ಹೇಳಿದೆನೆಂಬಂತೆ ಸೆರಗನ್ನು ಇನ್ನಷ್ಟು ಬಿಗಿದುಕೊಂಡಳು. ಅಮೃತಪ್ಪ, ಹೆಬ್ಬೆರಳು ಸ್ವಲ್ಪ ಹಿಂದಕ್ಕೆ ತಗೋರಿ, ಫೋಟೊದೊಳಗೆ ಬಂದೀತು ಎಂದಷ್ಟೇ ಹೇಳಿ, ಮೂರನೇ ಪ್ಲೇಟನ್ನು ಹಿಂದೆ ತೂರಿಸಿ ಲೆನ್ಸಿನ ಮುಚ್ಚಳ ತೆಗೆದ. ಒಂದು, ಎರಡು, ಮೂರು.

ಇಪ್ಪತ್ತಕ್ಕೆ ಬಂದಾಗ ಹಿತ್ತಲ ಬಾಗಿಲಲ್ಲಿ ಕೋಲಿನ ಸದ್ದಾಯಿತು. ತಡವಾಯಿತೆಂದು ಅಕ್ಕನಾಗಮ್ಮ ತಾನೇ ಎದ್ದು ಬಂದಿದ್ದಳು. ಎಂಬತ್ತರ ಮುದುಕಿ, ಬೆನ್ನು ಬಾಗಿದ್ದರೂ ಕಣ್ಣು ಹದ್ದಿನದು. ಹಿಂದೆ ಸಾತಲಿಂಗಪ್ಪ, ಲಕ್ಷ್ಮೀಬಾಯಿ, ಇಬ್ಬರು ಬೀಗರು. ಅಮೃತಪ್ಪ ಎಣಿಕೆ ಬಿಡಲಿಲ್ಲ. ಗಿರಿಜಾಬಾಯಿ ಮಿಸುಕಲಿಲ್ಲ. ನಲವತ್ತು ಎಂದು ಮುಚ್ಚಳ ಹಾಕಿದ ಮೇಲೆಯೇ ಅವನು ತಿರುಗಿ ನೋಡಿದ್ದು.

ಮುದುಕಿ ನೋಡುತ್ತಿದ್ದದ್ದು ಅವನನ್ನಲ್ಲ, ಹಿತ್ತಾಳೆಯ ಮೂಗನ್ನು. ಅದರ ತುದಿಗೂ ಹೂವಿಗೂ ನಡುವೆ ಒಂದು ಗೇಣೂ ಇರಲಿಲ್ಲ.

“ಏನು ಮಾಡಾಕತ್ತದ ಇದು?” ಅಂದಳು. “ಮೂಸಾಕತ್ತದೇನು?”

ಸಾತಲಿಂಗಪ್ಪ ಸೊಲ್ಲಾಪುರದಲ್ಲಿ ತನ್ನ ಫೋಟೊ ತೆಗೆಸಿಕೊಂಡಾಗ ಡಬ್ಬಿ ಎಂಟು ಹೆಜ್ಜೆ ದೂರ ನಿಂತಿತ್ತು. ಇವತ್ತು ಅದು ಇಷ್ಟು ಹತ್ತಿರ ಹೋದದ್ದನ್ನು ಕಟ್ಟೆಯ ಮೇಲಿಂದ ಕಂಡಿದ್ದರೂ ಮೂಸುವ ಮಾತು ಅವನ ತಲೆಗೆ ಬಂದಿರಲಿಲ್ಲ. ಈಗ ಅವನ ಮುಖ ಸಣ್ಣದಾಯಿತು. ಅದು ಕಟ್ಟಿಗೆ, ಹಿತ್ತಾಳೆ, ಅದಕ್ಕೆಲ್ಲಿಯ ಮೂಗು ಎಂದು ಮೆಲ್ಲಗೆ ಹೇಳಿ ನೋಡಿದ. ಬೀಗರಲ್ಲಿ ಒಬ್ಬ, ಕಟ್ಟಿಗೆಯಾದರೇನು, ಬೆಕ್ಕು ಮೂಸಿದರೂ ಹೂ ನಡೆಯುವುದಿಲ್ಲ ಅಂದ. ಅಕ್ಕನಾಗಮ್ಮ ಕೈಯೆತ್ತಿ ಇಬ್ಬರನ್ನೂ ಸುಮ್ಮನಾಗಿಸಿ, ಇದನ್ನು ತಂದವನೇ ಹೇಳಲಿ ಎಂದು ಅಮೃತಪ್ಪನ ಕಡೆ ತಿರುಗಿದಳು.

“ಖರೇ ಹೇಳ್ರಿ. ದೇವರ ಮಾತದ. ನಿಮ್ಮ ಡಬ್ಬಿ ಹೂವಿಂದು ಏನರ ಒಳಗ ತಗೊಂಡದೋ ಇಲ್ಲೋ?”

ಸುಲಭದ ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಇಲ್ಲ ತಾಯಿ, ಜೀವ ಇಲ್ಲದ ಸಾಮಾನು, ಅದಕ್ಕೇನು ಗೊತ್ತು ಅಂದಿದ್ದರೆ ಎಲ್ಲರ ಮುಖವೂ ಅರಳುತ್ತಿತ್ತು. ಹೂವು ತಟ್ಟೆಗೆ, ತಟ್ಟೆ ಜಗಲಿಗೆ, ಅವನು ಊಟಕ್ಕೆ. ಮೂವತ್ತು ವರ್ಷ ಅವನು ಮಾಡಿದ್ದೂ ಅದೇ. ಸೊಟ್ಟ ಮೂಗಿನ ಮದುಮಗಳಿಗೆ ನೇರ ಬಂದಿದೆ ಅಂದಿದ್ದಾನೆ, ಸತ್ತ ಕೂಸಿನ ತಾಯಿಗೆ ನಿದ್ದೆ ಮಾಡಿದ ಹಾಗೇ ಇದೆ ಅಂದಿದ್ದಾನೆ. ಗಿರಾಕಿಗೆ ಬೇಕಾದ ಮಾತು ಅವನ ಜೇಬಿನಲ್ಲಿ ಚಿಲ್ಲರೆಯಂತೆ ಸದಾ ಇರುತ್ತಿತ್ತು.

ಗಿರಿಜಾಬಾಯಿ ಇನ್ನೂ ರೆಂಬೆ ಹಿಡಿದೇ ನಿಂತಿದ್ದಳು. ಬಿಡು ಎಂದು ಯಾರೂ ಹೇಳಿರಲಿಲ್ಲ. ಸೆರಗಿನ ಮೇಲಿಂದ ಕಾಣುತ್ತಿದ್ದದ್ದು ಎರಡು ಕಣ್ಣು ಮಾತ್ರ, ಅವೂ ನೆಲ ನೋಡುತ್ತಿದ್ದವು. ಆಕೆ ಏನನ್ನೂ ಕೇಳುತ್ತಿರಲಿಲ್ಲ. ಕೇಳಿದ್ದರೆ ಅಮೃತಪ್ಪ ಬಹುಶಃ ತಪ್ಪಿಸಿಕೊಳ್ಳುತ್ತಿದ್ದ. ಹನ್ನೊಂದು ವರುಷದ ನೀರು ಆಕೆಯದು, ಫಲ ಮಾತ್ರ ಉಳಿದವರದು. ಅವನಿಗೆ ಆ ಮನೆಯ ಮೇಲೆ ಸಿಟ್ಟು ಬಂತು, ಇಪ್ಪತ್ತೇಳು ವರ್ಷ ಕಟ್ಟಿದ ಆ ಸೆರಗಿನ ಮೇಲೆ ಸಿಟ್ಟು ಬಂತು, ಜೇಬಿನ ತುಂಬ ಚಿಲ್ಲರೆ ಮಾತು ಇಟ್ಟುಕೊಂಡ ತನ್ನ ಮೇಲೂ ಬಂತು. ಹಾಗಂತ ದೇವರ ಮಾತು ತೆಗೆದ ಮೇಲೆ ಸುಳ್ಳು ಹೇಳುವಂತಿಲ್ಲ. ಸುಳ್ಳು ಬೇಕಾಗಿಯೂ ಇರಲಿಲ್ಲ.

“ತಗೊಂಡದರಿ ಅವ್ವಾರ,” ಅಂದ. “ಬೆಳಕು ಎಳಕೋತದ. ಹೂವಿನ ಮ್ಯಾಗಿನ ಬೆಳಕು ನಲವತ್ತು ಎಣಸೂತನಕ ಒಳಗ ಎಳಕೊಂಡದ. ಎಳಕೊಳ್ಳಲಿಲ್ಲಂದ್ರ ಫೋಟೊನ ಬರಂಗಿಲ್ಲ. ಅದು ಮೂಸಿದಂಗೋ ಅಲ್ಲೋ, ನನಗ ತಿಳಿಯಂಗಿಲ್ಲ. ನೀವ ತಿಳದವರು.”

ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಮಾತು. ಆದರೆ ದೀಪ ಯಾವ ಕಡೆ ವಾಲುತ್ತದೆ ಎಂದು ಅವನಿಗೆ ಗೊತ್ತಿತ್ತು. ಅಕ್ಕನಾಗಮ್ಮ ಕೋಲು ನೆಲಕ್ಕೆ ಊರಿದಳು. ಆಕೆಯದೂ ಅನ್ಯಾಯದ ಬುದ್ಧಿಯಲ್ಲ, ತನಗೆ ಹೇಳಿಕೊಟ್ಟ ನೇಮವನ್ನು ತನ್ನ ಮಗನ ಆಸೆಗಾಗಿಯೂ ಸಡಿಲಿಸದ ಹೆಂಗಸು. ಹೂವು ಎಂಜಲಾಯಿತು ಅಂದಳು. ದೇವರಿಗೆ ನಡೆಯುವುದಿಲ್ಲ, ದೇವರಿಗೆ ಹೋಗದ ಮೊದಲ ಹೂವನ್ನು ಮುತ್ತೈದೆ ಮುಡಿಯುವುದಿಲ್ಲ, ಎಂಜಲು ಹೂವಿನ ಫೋಟೊ ಜಗಲಿಯ ಮೇಲೆ ಏರುವುದಿಲ್ಲ. ಹರಿದು ತಿಪ್ಪೆಗೆ ಒಗೆದು ಬಾ ಎಂದು ಗಿರಿಜಾಬಾಯಿಗೆ ಹೇಳಿ ಒಳಗೆ ನಡೆದಳು. ತಿಪ್ಪೆಗೆ ಒಗೆಯಲು ಯಾವ ಕೈಯಾದರೂ ನಡೆಯುತ್ತದೆ.

ಸಾತಲಿಂಗಪ್ಪ ಅಮೃತಪ್ಪನನ್ನು ಸುಟ್ಟುಬಿಡುವಂತೆ ನೋಡಿದ. ಬೀಗರ ಮುಂದೆ, ಗಾಡಿ ಹೂಡಲು ಹೇಳುತ್ತೇನೆ ಎಂದಷ್ಟೇ ಅಂದ. ಊಟದ ಮಾತು ಬರಲಿಲ್ಲ. ಬೆಳ್ಳಿ ತಟ್ಟೆ ಬರಿದಾಗಿಯೇ ಒಳಗೆ ಹೋಯಿತು.

ಅಮೃತಪ್ಪ ನಳಿಗೆಗಳನ್ನು ಬಿಚ್ಚಿ ಪಂಚೆಯಲ್ಲಿ ಸುತ್ತಿ, ಪೆಟ್ಟಿಗೆ ಹೊತ್ತು ದನದ ಕೊಟ್ಟಿಗೆಯ ಹಿಂದೆ ಗಾಡಿಯ ಹತ್ತಿರ ಬಂದ. ಮೊಣಕಾಲು ಮುಷ್ಕರ ಹೂಡಿತ್ತು. ತಿಪ್ಪೆ ಅಲ್ಲೇ ಇತ್ತು. ತಿಪ್ಪೆಯ ಈಚೆಗೆ, ಗೋಡೆಗೆ ಬೆನ್ನು ಕೊಟ್ಟು, ಗಿರಿಜಾಬಾಯಿ ಕೂತಿದ್ದಳು. ಸೆರಗು ಕೊರಳಿಗೆ ಇಳಿದಿತ್ತು. ಎರಡೂ ಅಂಗೈಯ ಬೊಗಸೆಯಲ್ಲಿ ಹೂವು, ಬೊಗಸೆಯಲ್ಲಿ ಮುಖ. ಹೆಗಲು ಒಮ್ಮೆ ಏರಿತು, ಇಳಿಯಿತು, ಮತ್ತೆ ಏರಿತು. ಅವನು ಕೆಮ್ಮಲೂ ಇಲ್ಲ, ಮುಂದೆ ಹೋಗಲೂ ಇಲ್ಲ. ಆಕೆಯೇ ತಲೆಯೆತ್ತಿ ನೋಡಿದಳು. ಮೂಗಿನ ತುದಿಗೆ ಹಳದಿ ಪುಡಿ ಹತ್ತಿತ್ತು. ಆಕೆಯ ಪೂರ್ತಿ ಮುಖವನ್ನು ಅವನು ಕಂಡದ್ದು ಆಗಲೇ.

“ನಾ ಅನಕೊಂಡಷ್ಟೇನಿಲ್ಲರಿ ಕಾಕಾ,” ಅಂದಳು. ಬೊಗಸೆಯ ಹೂವನ್ನು ನೋಡಿ, “ಖರೇ ಅಂದ್ರ, ಇಷ್ಟು ವರ್ಷದಾಗ ಭಾಳ ಅನಕೊಂಡಬಿಟ್ಟಿದ್ದೆ,” ಅಂದಳು. ಮತ್ತೆ ಮೂಗಿಗೆ ಹಿಡಿದಳು.

ದೇವರ ಹೂವಿಗೆ ಅಡ್ಡ ಬಂದೆನೆಂಬ ಅಳುಕು ಅಮೃತಪ್ಪನಿಗೆ ಇದ್ದೇ ಇತ್ತು. ಅದನ್ನು ಹೇಳಿಕೊಂಡ. ಆಕೆ, ಮೇಲಿನ ರೆಂಬೆಯಲ್ಲಿ ಇನ್ನೂ ಎರಡು ಮೊಗ್ಗಿವೆ, ಮುಂದಿನ ಸೋಮವಾರ ದೇವರಿಗೆ ಅವು ಆಗುತ್ತವೆ, ಅಕ್ಕ ಲಕ್ಷ್ಮೀಬಾಯಿಯ ಕೈಯಿಂದಲೇ ಏರಿಸಲಿ, ತಾನು ಮುಖ ಕಟ್ಟಿಕೊಂಡೇ ನೀರು ಹಾಕುತ್ತೇನೆ ಅಂದಳು. ಹೂವನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಇವತ್ತಿನ ಎರಡನೇ ಕೊಡ ಇನ್ನೂ ಬಾಕಿ ಇದೆ ಎಂದು ಎದ್ದು ಬಾವಿಯ ಕಡೆ ಹೋದಳು.

ಸೊಲ್ಲಾಪುರಕ್ಕೆ ಬಂದು ಪ್ಲೇಟು ತೊಳೆದಾಗ ಹೂವು ಎಳೆ ಎಳೆಯಾಗಿ ಬಂದಿತ್ತು. ಇರುವೆ ಮಾತ್ರ ನಿಲ್ಲದೆ ಓಡಾಡಿ ಗೀರಾಗಿತ್ತು. ಎಡಗಡೆಯ ಅಂಚಿನಲ್ಲಿ, ಬೇಡ ಅಂದರೂ, ರೆಂಬೆ ಹಿಡಿದ ಹೆಬ್ಬೆರಳು ಬಂದುಬಿಟ್ಟಿತ್ತು. ಬಿರುಕು ಬಿಟ್ಟ ಉಗುರು, ಬಾವಿಯ ಹಗ್ಗ ಉಜ್ಜಿ ಉಜ್ಜಿ ಗಟ್ಟಿಯಾದ ತೊಗಲು, ಎಲ್ಲವೂ ಹೂವಿನಷ್ಟೇ ಸ್ಪಷ್ಟ. ಗೌಡನಿಂದ ಯಾವ ಸುದ್ದಿಯೂ ಬರಲಿಲ್ಲ, ಬರುತ್ತದೆಂದು ಇವನೂ ಕಾಯಲಿಲ್ಲ. ತಂಗಡಿ ಹೂವನ್ನು ತೆಗೆದು ಸಂಪಿಗೆಯನ್ನು ಗಾಜಿನ ಕಪಾಟಿನಲ್ಲಿಟ್ಟ.

ಅಂಚು ಕತ್ತರಿಸಿದರೆ ಚೆನ್ನಾಗಿರುತ್ತಿತ್ತಲ್ಲ ಎಂದು ಕಸುಬು ತಿಳಿದವರೂ ಹೇಳಿದರು, ತಿಳಿಯದವರೂ ಹೇಳಿದರು. ಅಮೃತಪ್ಪ ಹೂಂ ಅನ್ನುತ್ತಿದ್ದ, ಕತ್ತರಿ ಎತ್ತುತ್ತಿರಲಿಲ್ಲ. ಒಮ್ಮೆ ಫೋಟೊ ತೆಗೆಸಲು ಬಂದ ಗಿರಣಿಯವನೊಬ್ಬ ಗಾಜಿಗೆ ಮೂಗು ಒತ್ತಿ ನೋಡಿ, ಇಷ್ಟು ಚಂದ ಹೂವಿನಲ್ಲಿ ಈ ಹೆಬ್ಬೆರಳು ಯಾರದು ಎಂದು ಕೇಳಿದ.

“ಹೂವು ಯಾರದೋ ಅವರದು,” ಅಂದ ಅಮೃತಪ್ಪ, ಮತ್ತು ಅವನನ್ನು ಕುರ್ಚಿಯ ಮೇಲೆ ನೆಟ್ಟಗೆ ಕೂಡಲು ಹೇಳಿದ.